ಮಕ್ಕಳ ಕ್ಷಯ ಎದೆಯಲ್ಲೇ ಇರಬೇಕೆಂದಿಲ್ಲ

ಕೂಡಲಸಂಗಮಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ ದನಗಳ ಆರೋಗ್ಯ ತಪಾಸಣೆಯ ಶಿಬಿರ ಏರ್ಪಡಿಸಲಾಗಿತ್ತು. ಬೆಳಗಿನಿಂದ ಕಾಲುಬಾಯಿ ಬೇನೆಯ ಲಸಿಕೆ ಹಾಕುವುದು, ಗಬ್ಬದ ಪರೀಕ್ಷೆ ಮಾಡುವುದು ಇವುಗಳಲ್ಲೇ ಹೊತ್ತು ಹೋಯಿತು. ಮಧ್ಯಾಹ್ನದ ಸುಮಾರಿಗೆ ಒಬ್ಬ ಅಜ್ಜ ಎಮ್ಮೆಯನ್ನು ಹಿಡಿದುಕೊಂಡು ಬಂದ. ಹಿಂದೆ ಆರು ವರ್ಷದ ಮೊಮ್ಮಗಳು. ಎಮ್ಮೆಯ ಕೆಲಸ ಮುಗಿದ ಮೇಲೆ ಅಜ್ಜ ಹೊರಡಲಿಲ್ಲ. "ಸಾಹೇಬ್ರ, ಎಮ್ಮೀ ನೋಡಿದ್ರಿ, ಛಲೋ ಆತು. ಈ ಕೂಸಿನ ಕುತ್ತಿಗೀನೂ ಒಂದೀಟ ನೋಡ್ರಿ" ಎಂದ.

ಹುಡುಗಿಯ ಕುತ್ತಿಗೆಯ ಎಡಭಾಗದಲ್ಲಿ ಗೋಲಿಯಂಥ ನಾಲ್ಕು ಗಂಟುಗಳಿದ್ದವು. ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು. ಮುಟ್ಟಿದರೆ ಬಿಸಿ ಇಲ್ಲ, ಒತ್ತಿದರೆ ಹುಡುಗಿ ಅಳಲಿಲ್ಲ. ದೊಡ್ಡ ಗಂಟಿನ ಮೇಲೆ ಬರೆ ಹಾಕಿದ ಕಲೆಯಿತ್ತು. ನಾಲ್ಕು ತಿಂಗಳಿಂದ ಹೀಗೆಯೇ ಇದೆ, ಮೊದಲು ಲೇಪ ಹಚ್ಚಿದೆವು, ಆಮೇಲೆ ಬರೆ ಹಾಕಿಸಿದೆವು ಎಂದು ಅಜ್ಜ ಹೇಳಿದ. "ಕೆಮ್ಮು ಏನೂ ಇಲ್ರಿ" ಎಂದು ತಾನಾಗಿಯೇ ಸೇರಿಸಿದ. ಕೆಮ್ಮಿಲ್ಲದ ಮೇಲೆ ದೊಡ್ಡ ಬೇನೆ ಅಲ್ಲ ಎಂಬುದು ಅವನ ತಿಳುವಳಿಕೆ.

ನಾನು ಪಶುವೈದ್ಯ. ಮನುಷ್ಯರಿಗೆ ಔಷಧ ಹೇಳುವ ಅಧಿಕಾರ ನನಗಿಲ್ಲ. ಆದರೆ ಇಂಥ ಗಂಟುಗಳನ್ನು ದನಗಳಲ್ಲಿ ಕಂಡವನಿಗೆ ಮಗುವಿನ ಕುತ್ತಿಗೆಯಲ್ಲಿ ಕಂಡಾಗ ಸುಮ್ಮನಿರಲು ಆಗುವುದಿಲ್ಲ. ನಾಳೆಯೇ ಹುನಗುಂದದ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋಗಿ ಎಂದು ಒಂದು ಚೀಟಿ ಬರೆದುಕೊಟ್ಟೆ. ಚೀಟಿ ಬರೆಯುತ್ತಿದ್ದಾಗ ಅಜ್ಜ ಪಕ್ಕಕ್ಕೆ ತಿರುಗಿ ಎರಡು ಸಲ ಕೆಮ್ಮಿದ್ದು ನನ್ನ ಕಿವಿಗೆ ಬಿತ್ತು. ಆಗ ಅದಕ್ಕೆ ಮಹತ್ವ ಕೊಡಲಿಲ್ಲ, ಅದು ನನ್ನ ತಪ್ಪು.

ಕ್ಷಯವೆಂದರೆ ಕೆಮ್ಮು, ಕಫ, ಕಫದಲ್ಲಿ ರಕ್ತ ಎಂದೇ ನಮ್ಮ ರೈತ ಬಾಂಧವರು ತಿಳಿದಿದ್ದಾರೆ. ದೊಡ್ಡವರ ಮಟ್ಟಿಗೆ ಇದು ಬಹಳಷ್ಟು ನಿಜ. ಮಕ್ಕಳಲ್ಲಿ ಮಾತ್ರ ಈ ರೋಗ ಕುತ್ತಿಗೆಯ ಗಂಟಾಗಿ, ಬೆನ್ನಿನ ಗೂನಾಗಿ, ಊದಿದ ಹೊಟ್ಟೆಯಾಗಿ, ಕುಂಟುವ ಕಾಲಾಗಿ, ಎಲ್ಲಕ್ಕಿಂತ ಕೆಟ್ಟದ್ದಾಗಿ ಮೆದುಳಿನ ಪೊರೆಯ ಬಾವಾಗಿ ಕಾಣಿಸಿಕೊಳ್ಳಬಹುದು. ಹೀಗೆ ಎದೆಯನ್ನು ಬಿಟ್ಟು ಬೇರೆಡೆ ಬರುವ ಕ್ಷಯದಿಂದ ದವಾಖಾನೆ ಸೇರುವ ಮಕ್ಕಳು ಬಹುಪಾಲು ತಡವಾಗಿಯೇ ಬರುತ್ತಾರೆ. ತಡವಾಗಲು ಬಡತನ ಒಂದೇ ಕಾರಣವಲ್ಲ. ಇದು ಕ್ಷಯವಿರಬಹುದೆಂಬ ಸಂಶಯವೇ ಯಾರಿಗೂ ಬರುವುದಿಲ್ಲ.

ರೋಗಾಣು ಎದೆಯಿಂದ ಹೊರಗೆ ಹೋಗುವ ಬಗೆ

ಕ್ಷಯದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಲೋಕಕ್ಕೆ ತೋರಿಸಿಕೊಟ್ಟರು. ಇದು ಬಹಳ ನಿಧಾನದ ಪ್ರಾಣಿ. ಹಾಲನ್ನು ಒಡೆಯುವಂಥ ಸಾಮಾನ್ಯ ಸೂಕ್ಷ್ಮಾಣುಗಳು ಅರ್ಧ ತಾಸಿನೊಳಗೆ ಒಂದು ಎರಡಾದರೆ, ಕ್ಷಯಾಣು ಒಂದು ಎರಡಾಗಲು ಸುಮಾರು 15ರಿಂದ 20 ತಾಸು ತೆಗೆದುಕೊಳ್ಳುತ್ತದೆ. ಆದುದರಿಂದಲೇ ರೋಗ ಮೆಲ್ಲಗೆ ಬರುತ್ತದೆ, ಔಷಧವನ್ನೂ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ.

ಎದೆಯ ಕ್ಷಯವಿದ್ದ ದೊಡ್ಡವರು ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ಮಾತಾಡಿದಾಗ ಹೊರಬರುವ ಅತಿ ಸಣ್ಣ ಹನಿಗಳಲ್ಲಿ ರೋಗಾಣುಗಳಿರುತ್ತವೆ. ಬೆಳಕು ಗಾಳಿ ಕಡಿಮೆ ಇರುವ ಕೋಣೆಯಲ್ಲಿ ಅವು ತಾಸುಗಟ್ಟಲೆ ತೇಲಾಡುತ್ತವೆ. ಮಗು ಉಸಿರಾಡಿದಾಗ ಅವು ಮೊದಲು ಶ್ವಾಸಕೋಶಕ್ಕೇ ಹೋಗುತ್ತವೆ. ಅಲ್ಲಿಂದ ಹತ್ತಿರದ ಹಾಲುರಸ ಗ್ರಂಥಿಗಳಿಗೆ, ಅಲ್ಲಿಂದ ರಕ್ತಕ್ಕೆ ಸೇರುತ್ತವೆ. ನೀರಾವರಿ ಹೊಲ ಮಾಡಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮೇಲಿನ ಹೊಲಕ್ಕೆ ಬಿಟ್ಟ ನೀರು ಕಣ್ಣಿಗೆ ಕಾಣದೆ ನೆಲದೊಳಗೆ ಹರಿದು ಕೆಳಗಿನವನ ಹೊಲದಲ್ಲಿ ಜವಳಾಗಿ ಏಳುತ್ತದೆ. ಮೇಲಿನ ಹೊಲ ನೋಡಲು ಚೆನ್ನಾಗಿಯೇ ಇರುತ್ತದೆ. ಹಾಗೆಯೇ ಮಗುವಿನ ಎದೆ ಚೆನ್ನಾಗಿದ್ದು, ರೋಗವು ಬೆನ್ನೆಲುಬಿನಲ್ಲಿ ಏಳಬಹುದು.

ದೊಡ್ಡವರ ದೇಹ ಈ ರೋಗಾಣುವನ್ನು ಬಹುಮಟ್ಟಿಗೆ ಕಟ್ಟಿಹಾಕುತ್ತದೆ. ಸೋಂಕು ತಗಲಿದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಬಾಳಿನ ಯಾವುದೋ ಕಾಲದಲ್ಲಿ ರೋಗವಾಗುತ್ತದೆ. ಎಳೆಯ ಮಗುವಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಔಷಧ ಮತ್ತು ಲಸಿಕೆ ಇಲ್ಲದ ಕಾಲದ ಅನುಭವದಂತೆ, ಒಂದು ವರ್ಷದೊಳಗೆ ಸೋಂಕು ತಗಲಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ರೋಗ ಬರುತ್ತಿತ್ತು. ಅವರಲ್ಲಿ ಗಣನೀಯ ಪಾಲು ಮೆದುಳಿನ ಅಥವಾ ಮೈಯೆಲ್ಲ ಹರಡಿದ ಕ್ಷಯವೇ. ವಯಸ್ಸು ಐದು ದಾಟಿದರೆ ಈ ಅಪಾಯ ಬಹಳ ಇಳಿಯುತ್ತದೆ. ತೊಟ್ಟಿಲಲ್ಲಿರುವ ಕೂಸಿನ ಮನೆಯಲ್ಲಿ ಕೆಮ್ಮುವವರಿದ್ದರೆ ಅದನ್ನು ತುರ್ತಿನ ವಿಷಯವೆಂದು ಎಣಿಸಬೇಕಾದದ್ದು ಇದಕ್ಕಾಗಿ.

ತಾಯಂದಿರು ಗಮನಿಸಬೇಕಾದ ಚಿಹ್ನೆಗಳು

ಎದೆಯ ಹೊರಗಿನ ಕ್ಷಯದಲ್ಲಿ ಮಕ್ಕಳಿಗೆ ಹೆಚ್ಚಾಗಿ ಬರುವುದು ಕುತ್ತಿಗೆಯ ಗಂಟು. ಹಿಂದಿನವರು ಇದನ್ನೇ ಗಂಡಮಾಲೆ ಎಂದು ಕರೆದರು. ಮಕ್ಕಳಿಗೆ ಗಂಟಲು ನೋವು, ತಲೆಯಲ್ಲಿ ಹುಣ್ಣು, ಹಲ್ಲು ಹುಳುಕು ಆದಾಗಲೂ ಕುತ್ತಿಗೆಯಲ್ಲಿ ಸಣ್ಣ ಗಂಟು ಬರುತ್ತದೆ. ಅದು ನೋಯುತ್ತದೆ, ಎರಡು ವಾರದಲ್ಲಿ ಇಳಿಯುತ್ತದೆ. ಕ್ಷಯದ ಗಂಟು ನೋಯುವುದಿಲ್ಲ, ಇಳಿಯುವುದಿಲ್ಲ. ಎರಡು ಸೆಂಟಿಮೀಟರಿಗಿಂತ ದೊಡ್ಡದಾಗಿ, ಒಂದಕ್ಕೊಂದು ಅಂಟಿಕೊಂಡು, ಕೆಲವು ತಿಂಗಳಲ್ಲಿ ಮೆತ್ತಗಾಗಿ ಒಡೆದು ಸೋರತೊಡಗುತ್ತದೆ. ಇದಕ್ಕೆ ಬರೆ ಹಾಕುವುದರಿಂದ ಚರ್ಮ ಸುಡುತ್ತದೆಯೇ ಹೊರತು ಒಳಗಿನ ರೋಗಾಣುವಿಗೆ ಏನೂ ಆಗುವುದಿಲ್ಲ. ಗಂಟು ಮೆತ್ತಗಾಗಿದೆಯೆಂದು ಬ್ಲೇಡಿನಿಂದ ಕೊಯ್ಯಿಸುವುದು ಇನ್ನೂ ಕೆಟ್ಟದ್ದು. ಕೊಯ್ದ ಬಾಯಿ ಮಾಯದೆ ತಿಂಗಳುಗಟ್ಟಲೆ ಸೋರುವ ನಾಳವಾಗಿ ಉಳಿಯುತ್ತದೆ.

ಗಂಟು ಕಣ್ಣಿಗೆ ಕಾಣುತ್ತದೆ, ಬೆನ್ನೆಲುಬಿನ ಕ್ಷಯ ಕಾಣುವುದಿಲ್ಲ. ಇದನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದ್ದರಿಂದ ವೈದ್ಯರು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ರೋಗ ಹೊಸದೇನಲ್ಲ, ಈಜಿಪ್ಟಿನ ಸಾವಿರಾರು ವರ್ಷ ಹಳೆಯ ಶವಗಳ ಬೆನ್ನೆಲುಬಿನಲ್ಲಿಯೂ ಇದರ ಗುರುತುಗಳಿವೆ. ಮಗು ಆಟ ಕಡಿಮೆ ಮಾಡುತ್ತದೆ. ರಾತ್ರಿ ನಿದ್ದೆಯಲ್ಲಿ ಚೀರಿ ಏಳುತ್ತದೆ. ಏಕೆಂದರೆ ಹಗಲು ಬಿಗಿಹಿಡಿದ ಬೆನ್ನಿನ ಸ್ನಾಯುಗಳು ನಿದ್ದೆಯಲ್ಲಿ ಸಡಿಲವಾಗಿ, ಹುಳುಕಾದ ಎಲುಬು ಅಲುಗುತ್ತದೆ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ನೆಲದ ಮೇಲೆ ಒಂದು ನಾಣ್ಯ ಒಗೆದು ಎತ್ತಿಕೋ ಎನ್ನಬೇಕು. ಆರೋಗ್ಯವಂತ ಮಗು ಬೆನ್ನು ಬಗ್ಗಿಸಿ ಎತ್ತಿಕೊಳ್ಳುತ್ತದೆ. ಬೆನ್ನೆಲುಬಿನ ರೋಗವಿದ್ದ ಮಗು ಬೆನ್ನನ್ನು ಕೋಲಿನಂತೆ ನೆಟ್ಟಗಿಟ್ಟು, ಮೊಣಕಾಲು ಮಡಚಿ ಕುಳಿತು ಎತ್ತಿಕೊಳ್ಳುತ್ತದೆ. ಈ ಹಂತದಲ್ಲಿ ಔಷಧ ಆರಂಭವಾದರೆ ಗೂನು ಬಾರದಂತೆ ತಡೆಯಬಹುದು. ಆದರೆ ಸಾಮಾನ್ಯವಾಗಿ ಆಗುವುದೇನು? ಎತ್ತಿನ ಬಂಡಿಯಿಂದ ಬಿದ್ದಿತ್ತು, ಮಾಳಿಗೆಯ ಮೆಟ್ಟಿಲಲ್ಲಿ ಜಾರಿತ್ತು ಎಂದು ಒಂದು ನೆಪ ಸಿಗುತ್ತದೆ. ಬೀಳದ ಮಗು ಯಾವ ಊರಿನಲ್ಲಿದೆ? ತಿಕ್ಕುವುದು, ಎಳೆಯುವುದು ನಡೆಯುತ್ತದೆ. ಬೆನ್ನಿನಲ್ಲಿ ಸಣ್ಣ ಉಬ್ಬು ಎದ್ದು, ಕಾಲುಗಳು ಸೋತು, ಮೂತ್ರದ ಮೇಲೆ ಹಿಡಿತ ತಪ್ಪಿದ ಮೇಲೆ ದವಾಖಾನೆಗೆ ತರುತ್ತಾರೆ. ಹುಳುಕು ಎಲುಬನ್ನು ಎಳೆದು ತಿಕ್ಕಿದರೆ ನರಹುರಿಗೆ ಪೆಟ್ಟಾಗುವ ಅಪಾಯವೂ ಇದೆ. ಟೊಂಕದ ಕೀಲು, ಮೊಣಕಾಲುಗಳಿಗೂ ಇದೇ ರೋಗ ಬರುತ್ತದೆ. ತಿಂಗಳಾದರೂ ಹೋಗದ ಕುಂಟುವಿಕೆಯನ್ನು ಉಳುಕು ಎಂದುಕೊಳ್ಳಬಾರದು.

ಹೊಟ್ಟೆಯ ಕ್ಷಯದಲ್ಲಿ ಹೊಟ್ಟೆ ಮೆಲ್ಲಗೆ ಊದುತ್ತದೆ, ಕೈಕಾಲು ಒಣಗುತ್ತವೆ, ಜ್ವರ ಸಂಜೆಗೆ ಬರುತ್ತದೆ. ಜಂತುಹುಳದ ಔಷಧ ಕೊಟ್ಟರೂ ಇಳಿಯುವುದಿಲ್ಲ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಶ್ವಾಸಕೋಶದ ಹೊದಿಕೆಯಲ್ಲಿ ನೀರು ತುಂಬಿ, ಉಸಿರೆಳೆದಾಗ ಪಕ್ಕೆ ಚುಚ್ಚುವುದುಂಟು.

ಇವೆಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಮೆದುಳಿನ ಪೊರೆಯ ಕ್ಷಯ. ಸಾಮಾನ್ಯವಾಗಿ ಆರು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ, ಸೋಂಕು ತಗಲಿದ ಮೂರರಿಂದ ಆರು ತಿಂಗಳೊಳಗೆ ಇದು ಬರುತ್ತದೆ. ಮೊದಲ ಒಂದೆರಡು ವಾರ ಏನೂ ದೊಡ್ಡದಾಗಿ ಕಾಣುವುದಿಲ್ಲ. ಸಣ್ಣ ಜ್ವರ. ಮಗು ಕಿರಿಕಿರಿ ಮಾಡುತ್ತದೆ, ಆಟ ಬೇಡ, ಊಟ ಬೇಡ, ಆಗಾಗ ವಾಂತಿ, ಮಾತು ಬಲ್ಲ ಮಗುವಾದರೆ ತಲೆನೋವು ಎನ್ನುತ್ತದೆ. ದೃಷ್ಟಿ ತಾಗಿದೆಯೆಂದು ನಿವಾಳಿಸುತ್ತಾರೆ. ಮುಂದಿನ ವಾರ ಕುತ್ತಿಗೆ ಬಿಗಿಯುತ್ತದೆ, ಕಣ್ಣು ಮೆಳ್ಳೆಯಾಗುತ್ತದೆ, ಸೆಳೆತ ಬರುತ್ತವೆ. ಅನಂತರ ಎಚ್ಚರ ತಪ್ಪುತ್ತದೆ. ಮೊದಲನೆಯ ಹಂತದಲ್ಲಿ ಔಷಧ ಸಿಕ್ಕ ಮಕ್ಕಳು ಬಹುತೇಕ ಮೊದಲಿನಂತೆ ಆಗುತ್ತಾರೆ. ಕೊನೆಯ ಹಂತದಲ್ಲಿ ಸಿಕ್ಕವರಿಗೆ ಆ ಭಾಗ್ಯವಿಲ್ಲ. ಹಲವು ದೇಶಗಳ ವರದಿಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಚಿಕಿತ್ಸೆ ಪಡೆದ ಮಕ್ಕಳಲ್ಲಿಯೂ ಸುಮಾರು ಐವರಲ್ಲಿ ಒಬ್ಬರು ತೀರಿಕೊಂಡಿದ್ದಾರೆ. ಬದುಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಕೈಕಾಲಿನ, ಕಣ್ಣು ಕಿವಿಯ ಅಥವಾ ಬುದ್ಧಿಯ ಊನ ಉಳಿದಿದೆ. ಒಂದು ವಾರದ ತಡ ಎಂದರೆ ಏನೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ವಾರ ಮೀರಿದ ಜ್ವರದೊಡನೆ ವಾಂತಿಯೂ ಮಂಕೂ ಇದ್ದರೆ ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಮಕ್ಕಳ ವೈದ್ಯರಿರುವ ದೊಡ್ಡ ದವಾಖಾನೆಗೆ ಹೋಗಬೇಕು.

ದವಾಖಾನೆಯಲ್ಲಿ ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ

ನಮ್ಮ ಭಾಗದ ಮಕ್ಕಳು ಮೊದಲು ಹುನಗುಂದ, ಇಳಕಲ್ಲ, ಬಾದಾಮಿಯ ಸರಕಾರಿ ದವಾಖಾನೆಗಳಿಗೆ, ಅಲ್ಲಿಂದ ಬಾಗಲಕೋಟೆಗೆ, ಇನ್ನೂ ಕಠಿಣವಾದರೆ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ಮಾಡುವ ಪರೀಕ್ಷೆಗಳ ಬಗೆಗೆ ನಮ್ಮ ಜನರಲ್ಲಿ ಭಯವಿದೆ. ಭಯದಿಂದ ಕೆಲವರು ಮಗುವನ್ನು ಎತ್ತಿಕೊಂಡು ಹೊರಟೇ ಬಿಡುತ್ತಾರೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ.

ದೊಡ್ಡವರಾದರೆ ಕಫ ಉಗುಳಿಸಿ ಪರೀಕ್ಷಿಸಬಹುದು. ಮಗು ಕಫವನ್ನು ಉಗುಳುವುದಿಲ್ಲ, ನುಂಗುತ್ತದೆ. ಆದ್ದರಿಂದ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮೂಗಿನಿಂದ ಸಣ್ಣ ನಳಿಗೆ ಇಳಿಸಿ ಹೊಟ್ಟೆಯಲ್ಲಿರುವ ನೀರನ್ನು ತೆಗೆದು ಪರೀಕ್ಷಿಸುತ್ತಾರೆ. ಕುತ್ತಿಗೆಯ ಗಂಟಿದ್ದರೆ ಸಣ್ಣ ಸೂಜಿ ಚುಚ್ಚಿ ಒಳಗಿನ ರಸ ತೆಗೆಯುತ್ತಾರೆ. ಸೂಜಿ ಚುಚ್ಚಿದರೆ ರೋಗ ಮೈಯೆಲ್ಲ ಹರಡುತ್ತದೆ ಎಂಬ ಮಾತು ನಿಜವಲ್ಲ. ಮೆದುಳಿನ ಕ್ಷಯದ ಸಂಶಯವಿದ್ದರೆ ಸೊಂಟದ ಹತ್ತಿರ ಸೂಜಿ ಹಾಕಿ ಬೆನ್ನಿನ ನೀರು ತೆಗೆಯಬೇಕಾಗುತ್ತದೆ. "ಬೆನ್ನಾಗಿನ ನೀರ ತಗದ್ರ ಕೂಸು ಕುಂಟ ಆಕ್ಕೈತಿ" ಎಂದು ಹೇಳುವವರು ಪ್ರತಿ ವಾರ್ಡಿನಲ್ಲಿ ಒಬ್ಬರಾದರೂ ಇರುತ್ತಾರೆ. ಸೂಜಿ ಹಾಕುವ ಜಾಗ ನರಹುರಿ ಮುಗಿದ ನಂತರದ ಕೆಳಭಾಗ. ಅಲ್ಲಿ ನರಹುರಿಯೇ ಇಲ್ಲ. ಮಗುವನ್ನು ಕುಂಟು ಮಾಡುವುದು ರೋಗವೇ ಹೊರತು ಸೂಜಿಯಲ್ಲ. ಈ ನೀರು ತೆಗೆಯಲು ಒಪ್ಪದೆ ಎರಡು ದಿನ ಕಳೆಯುವ ತಂದೆತಾಯಿಗಳು ಆ ಎರಡು ದಿನಗಳನ್ನು ರೋಗಕ್ಕೆ ಕೊಟ್ಟಂತೆ.

ಹೀಗೆ ತೆಗೆದ ರಸವನ್ನು ಹಿಂದೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು, ಇಲ್ಲವೆ ಬೆಳೆಸಿ ಆರು ವಾರ ಕಾಯುತ್ತಿದ್ದರು. ಈಗ ರೋಗಾಣುವಿನ ವಂಶದ್ರವ್ಯವನ್ನೇ ಗುರುತಿಸುವ ಯಂತ್ರಗಳಿವೆ, ಸುಮಾರು ಎರಡು ತಾಸಿನಲ್ಲಿ ಉತ್ತರ ಕೊಡುತ್ತವೆ. ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ರೋಗಾಣು ಬಗ್ಗುತ್ತದೆಯೇ ಇಲ್ಲವೇ ಎಂಬುದನ್ನೂ ಹೇಳುತ್ತವೆ. ಆದರೂ ಮಕ್ಕಳ ರಸದಲ್ಲಿ ರೋಗಾಣುಗಳ ಸಂಖ್ಯೆ ಬಹಳ ಕಡಿಮೆ. ಯಂತ್ರ "ಇಲ್ಲ" ಎಂದರೆ ರೋಗವಿಲ್ಲ ಎಂದು ಅರ್ಥವಲ್ಲ. ಆಗ ವೈದ್ಯರು ಮಗುವಿನ ತೂಕ, ಎಕ್ಸರೇ, ತೋಳಿನ ಚರ್ಮದ ಪರೀಕ್ಷೆ, ಮನೆಯಲ್ಲಿ ಯಾರಿಗಾದರೂ ಕ್ಷಯವಿದೆಯೇ ಎಂಬುದು ಇವೆಲ್ಲವನ್ನೂ ಕೂಡಿಸಿ ನಿರ್ಧಾರಕ್ಕೆ ಬರುತ್ತಾರೆ. ಚರ್ಮದ ಪರೀಕ್ಷೆಯ ಬಾವನ್ನು 48ರಿಂದ 72 ತಾಸಿನೊಳಗೆ ಅಳೆಯಬೇಕು. ಸಂತೆಯ ದಿನ ಬರುತ್ತೇವೆಂದು ವಾರ ಬಿಟ್ಟು ಹೋದರೆ ಅದು ವ್ಯರ್ಥ. ಇನ್ನೊಂದು ಮಾತು: ರಕ್ತದ ಹನಿಯಿಂದ ಕ್ಷಯ ಹೇಳುತ್ತೇವೆಂದು ಹಣ ಪಡೆಯುತ್ತಿದ್ದ ಪ್ರತಿಕಾಯ ಪರೀಕ್ಷೆಗಳನ್ನು ಭಾರತ ಸರಕಾರ 2012ರಲ್ಲಿ ನಿಷೇಧಿಸಿತು. ಅವು ನಂಬಲರ್ಹವಲ್ಲ.

ಕ್ಷಯವೆಂದು ಗೊತ್ತಾದರೆ ಔಷಧ ಸರಕಾರದಿಂದ ಪೂರ್ತಿ ಉಚಿತ. ಮಕ್ಕಳಿಗಾಗಿಯೇ ನೀರಿನಲ್ಲಿ ಕರಗುವ ಗುಳಿಗೆಗಳಿವೆ. ಮೊದಲ ಎರಡು ತಿಂಗಳು ನಾಲ್ಕು ಔಷಧ, ಅನಂತರ ನಾಲ್ಕು ತಿಂಗಳು ಮೂರು ಔಷಧ. ಮೆದುಳಿನ ಮತ್ತು ಎಲುಬಿನ ಕ್ಷಯಕ್ಕೆ ಒಟ್ಟು ಸುಮಾರು ಒಂದು ವರ್ಷ. ಮೆದುಳಿನ ಕ್ಷಯಕ್ಕೆ ಮೊದಲ ವಾರಗಳಲ್ಲಿ ಬಾವು ಇಳಿಸುವ ಸ್ಟಿರಾಯಿಡ್ ಔಷಧವನ್ನೂ ಕೊಡುತ್ತಾರೆ. ತಲೆಯಲ್ಲಿ ನೀರು ಕಟ್ಟಿದರೆ ಅದು ಹರಿದುಹೋಗಲು ಕೊಳವೆ ಇಡುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮಗು ಬೆಳೆದು ತೂಕ ಏರಿದಂತೆ ಗುಳಿಗೆಗಳ ಸಂಖ್ಯೆಯೂ ಏರಬೇಕು. ಅದಕ್ಕಾಗಿ ಪ್ರತಿ ತಿಂಗಳು ತೂಕ ನೋಡಿಸಬೇಕು.

ಔಷಧ ಆರಂಭಿಸಿದ ದಿನದಿಂದ ಮೂತ್ರ ಕೆಂಪಗೆ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ರಕ್ತವೆಂದು ಹೆದರಬೇಕಿಲ್ಲ, ಅದು ರಿಫಾಂಪಿಸಿನ್ನಿನ ಬಣ್ಣ. ಹೆದರಬೇಕಾದದ್ದು ಬೇರೆ. ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ, ದೃಷ್ಟಿ ಮಂದವಾಗುವುದು ಕಂಡರೆ ಅಂದೇ ವೈದ್ಯರಿಗೆ ತೋರಿಸಬೇಕು. ಮತ್ತೊಂದು ವಿಚಿತ್ರವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕೆಲವು ಮಕ್ಕಳಲ್ಲಿ ಔಷಧ ನಡೆದಿರುವಾಗಲೇ, ಒಂದೆರಡು ತಿಂಗಳಿಗೆ, ಗಂಟುಗಳು ಮೊದಲಿಗಿಂತ ದೊಡ್ಡದಾಗುತ್ತವೆ, ಹೊಸ ಗಂಟೂ ಏಳಬಹುದು. ಔಷಧ ತಾಗಲಿಲ್ಲವೆಂದು ಜನ ಬಿಟ್ಟುಬಿಡುತ್ತಾರೆ. ಬಹಳ ಸಲ ಇದು ಸಾಯುತ್ತಿರುವ ರೋಗಾಣುಗಳ ವಿರುದ್ಧ ಮೈ ತೋರುವ ಪ್ರತಿಕ್ರಿಯೆ. ವೈದ್ಯರಿಗೆ ತೋರಿಸಬೇಕು, ಗುಳಿಗೆ ನಿಲ್ಲಿಸಬಾರದು.

ನಿಜವಾದ ತೊಡಕು ಬರುವುದು ಎರಡನೆಯ ತಿಂಗಳಿನ ಹೊತ್ತಿಗೆ. ಜ್ವರ ಇಳಿದಿರುತ್ತದೆ, ಮಗು ಓಡಾಡುತ್ತಿರುತ್ತದೆ. ಅಷ್ಟರಲ್ಲಿ ಸುಗ್ಗಿ ಬರುತ್ತದೆ, ಇಲ್ಲವೆ ಸುಗ್ಗಿ ಮುಗಿದು ಗೋವಾ, ಮಂಗಳೂರು ಕಡೆ ದುಡಿಯಲು ಹೋಗುವ ಕಾಲ ಬರುತ್ತದೆ. ತಾಯಿ ತಂದೆ ಹೋಗುವಲ್ಲಿ ಮಗುವೂ ಹೋಗುತ್ತದೆ, ಗುಳಿಗೆ ಊರಿನಲ್ಲೇ ಉಳಿಯುತ್ತದೆ. ಇದು ಬೇಡ. ಕ್ಷಯದ ಚಿಕಿತ್ಸೆ ದೇಶದಲ್ಲೆಲ್ಲ ಒಂದೇ ಕ್ರಮದಲ್ಲಿ ನಡೆಯುತ್ತದೆ. ಹೊರಡುವ ಮುನ್ನ ಆಶಾ ಕಾರ್ಯಕರ್ತೆಗೆ ಅಥವಾ ದವಾಖಾನೆಯ ಕ್ಷಯ ವಿಭಾಗಕ್ಕೆ ತಿಳಿಸಿ, ಮಗುವಿನ ಚಿಕಿತ್ಸಾ ಕಾರ್ಡು ಮತ್ತು ನೋಂದಣಿ ಸಂಖ್ಯೆ ತೆಗೆದುಕೊಂಡು ಹೋದರೆ ಹೋದ ಊರಿನಲ್ಲಿ ಔಷಧ ಸಿಗುತ್ತದೆ. ಅರ್ಧಕ್ಕೆ ಬಿಟ್ಟ ಔಷಧವು ಅರ್ಧ ಸತ್ತ ಕಳೆಯಂತೆ. ಉಳಿದದ್ದು ಔಷಧಕ್ಕೆ ಬಗ್ಗದ ಜಾತಿಯಾಗಿ ಎದ್ದು ನಿಲ್ಲುತ್ತದೆ.

ಹಾಲಿನಿಂದ ಬರುತ್ತದೆಯೇ?

ಪಶುವೈದ್ಯನಾದ ನನ್ನನ್ನು ರೈತರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಆ ಅಜ್ಜನೂ ಕೇಳಿದ. ಅವನ ಮೊಮ್ಮಗಳಿಗೆ ಹಿಂಡಿದ ಕೂಡಲೆ ನೊರೆಹಾಲು ಕುಡಿಸುವ ರೂಢಿ ಇತ್ತು.

ಬರಬಹುದು. ದನಗಳಿಗೂ ಕ್ಷಯ ಬರುತ್ತದೆ, ಅದರ ರೋಗಾಣು ಮನುಷ್ಯರ ಕ್ಷಯಾಣುವಿನ ಹತ್ತಿರದ ಬಂಧು. ರೋಗವಿರುವ ಆಕಳ ಹಸಿ ಹಾಲು ಕುಡಿದ ಮಗುವಿಗೆ ಕುತ್ತಿಗೆಯ ಗಂಟು ಮತ್ತು ಹೊಟ್ಟೆಯ ಕ್ಷಯ ಬರುತ್ತವೆ, ಏಕೆಂದರೆ ರೋಗಾಣು ಬಾಯಿಯ ದಾರಿಯಿಂದ ಒಳಗೆ ಹೋಗಿರುತ್ತದೆ. ಕಾಕ್ ಅವರೇ 1901ರಲ್ಲಿ ಲಂಡನ್ನಿನಲ್ಲಿ, ದನದ ಕ್ಷಯದಿಂದ ಮನುಷ್ಯರಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ ಎಂದಿದ್ದರು. ದೊಡ್ಡವರೂ ತಪ್ಪುತ್ತಾರೆ. ಬ್ರಿಟಿಷ್ ಸರಕಾರ ನೇಮಿಸಿದ ಆಯೋಗವು ಹತ್ತು ವರ್ಷ ಪ್ರಯೋಗ ನಡೆಸಿ 1911ರಲ್ಲಿ ಅಪಾಯ ನಿಜವೆಂದು ತೋರಿಸಿತು. ಹಸಿ ಹಾಲು ಕುಡಿಯುವ ರೂಢಿಯಿದ್ದ ಆ ದೇಶದಲ್ಲಿ 1930ರ ದಶಕದಲ್ಲಿಯೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ, ಮುಖ್ಯವಾಗಿ ಮಕ್ಕಳು, ದನದ ಕ್ಷಯದಿಂದ ಸಾಯುತ್ತಿದ್ದರು.

ನಮ್ಮ ದೇಶದಲ್ಲಿ ಇದು ಕಡಿಮೆ. ಅದಕ್ಕೆ ಕಾರಣ ನಮ್ಮ ದನಗಳು ರೋಗಮುಕ್ತವೆಂದಲ್ಲ, ನಮ್ಮ ತಾಯಂದಿರು ಹಾಲು ಕಾಯಿಸುತ್ತಾರೆ ಎಂಬುದು. ವೆಲ್ಲೂರಿನಲ್ಲಿ ಒಂಬತ್ತು ನೂರಕ್ಕೂ ಹೆಚ್ಚು ರೋಗಿಗಳ ಕ್ಷಯಾಣುಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದನಗಳಲ್ಲಿ ಕಾಣುವ ಜಾತಿಯ ಕ್ಷಯಾಣು ಸಿಕ್ಕಿದ್ದು ಬೆರಳೆಣಿಕೆಯ ರೋಗಿಗಳಲ್ಲಿ ಮಾತ್ರ. ಆದರೂ ಇದನ್ನು ಕಡೆಗಣಿಸಲಾಗದು. ದನದ ಕ್ಷಯಾಣು ಪೈರಾಜಿನಮೈಡ್ ಎಂಬ ಔಷಧಕ್ಕೆ ಸ್ವಭಾವತಃ ಬಗ್ಗುವುದಿಲ್ಲ. ಮಕ್ಕಳಿಗೆ ಕೊಡುವ ಮೊದಲ ನಾಲ್ಕು ಔಷಧಗಳಲ್ಲಿ ಅದೂ ಒಂದು.

ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ 30 ನಿಮಿಷ ಹಿಡಿದರೆ ಅಥವಾ 72 ಡಿಗ್ರಿಗೆ ಕಾಯಿಸಿ 15 ಸೆಕೆಂಡು ಹಿಡಿದರೆ ಕ್ಷಯಾಣು ಸಾಯುತ್ತದೆ. ಮನೆಯಲ್ಲಿ ಒಂದು ಸಲ ಚೆನ್ನಾಗಿ ಉಕ್ಕು ಬರುವಂತೆ ಕಾಯಿಸಿದರೆ ಸಾಕು. ನೊರೆಹಾಲಿನಲ್ಲಿ ಹೆಚ್ಚಿನ ಸತ್ವವಿದೆ ಎಂಬುದಕ್ಕೆ ಆಧಾರವಿಲ್ಲ. ಆಡಿನ ಹಾಲಿಗೂ ಇದೇ ಮಾತು. ಮೊಸರು, ಮಜ್ಜಿಗೆ, ಬೆಣ್ಣೆಗಳನ್ನು ಕಾಯಿಸಿದ ಹಾಲಿನಿಂದಲೇ ಮಾಡಬೇಕು. ಹುಳಿಯಾದ ಮಾತ್ರಕ್ಕೆ ರೋಗಾಣು ಸಾಯುತ್ತದೆಂದು ನಂಬಬಾರದು.

ದನದಲ್ಲಿ ಈ ರೋಗವನ್ನು ಕಣ್ಣಿನಿಂದ ಗುರುತಿಸುವುದು ಕಷ್ಟ. ಮೇವು ತಿಂದರೂ ಸೊರಗುವುದು, ಬಿಟ್ಟುಬಿಟ್ಟು ಬರುವ ಜ್ವರ, ಒಣ ಕೆಮ್ಮು, ಗಂಟಲ ಕೆಳಗಿನ ಗಂಟು, ಕೆಚ್ಚಲು ನೋವಿಲ್ಲದೆ ಗಟ್ಟಿಯಾಗುವುದು ಇವು ಕೊನೆಯ ಹಂತದ ಚಿಹ್ನೆಗಳು. ಮೊದಲೇ ತಿಳಿಯಲು ಚರ್ಮದ ಪರೀಕ್ಷೆ ಮಾಡಬೇಕು. ಕುತ್ತಿಗೆಯ ಚರ್ಮದೊಳಗೆ ಟ್ಯುಬರ್ಕುಲಿನ್ ಚುಚ್ಚಿ, 72 ತಾಸಿನ ನಂತರ ಚರ್ಮದ ದಪ್ಪ ಅಳೆಯುತ್ತೇವೆ. 4 ಮಿಲಿಮೀಟರು ಅಥವಾ ಹೆಚ್ಚು ದಪ್ಪವಾಗಿದ್ದರೆ ರೋಗದ ಸೋಂಕಿದೆ ಎಂದು ಲೆಕ್ಕ. ಸಂತೆಯಿಂದ ಹೊಸ ಎಮ್ಮೆ ಆಕಳು ತಂದಾಗ, ಹಳೆಯ ದನಗಳೊಡನೆ ಒಂದೇ ಗೋದಲಿಗೆ ಕಟ್ಟುವ ಮುನ್ನ, ಪಶುವೈದ್ಯರನ್ನು ಕೇಳಿ ಈ ಪರೀಕ್ಷೆ ಮಾಡಿಸುವುದು ಲೇಸು. ರೋಗವು ಮನುಷ್ಯರಿಂದ ದನಕ್ಕೂ ಹೋಗಬಹುದು. ನಮ್ಮ ಮಾಳಿಗೆ ಮನೆಗಳಲ್ಲಿ ಮುಂದೆ ದನ, ಹಿಂದಿನ ಎತ್ತರದ ಪಡಸಾಲೆಯಲ್ಲಿ ಜನ, ಎಲ್ಲರಿಗೂ ಒಂದೇ ಗಾಳಿ. ಬೆಳಕಿಂಡಿಯನ್ನು ಮಳೆಗೆ ಹೆದರಿ ಮುಚ್ಚಿದವರು ಮಳೆ ಹೋದ ಮೇಲೆ ತೆರೆಯುವುದನ್ನು ಮರೆಯುತ್ತಾರೆ. ಇಳಕಲ್ಲಿನ ಕುಣಿಮಗ್ಗದ ಕೋಣೆಗಳಿಗೂ ಇದು ಅನ್ವಯಿಸುತ್ತದೆ. ಕಲ್ಲು ಗಣಿಗಳಲ್ಲಿ ದುಡಿಯುವವರ ಎದೆಯಲ್ಲಿ ಕಲ್ಲಿನ ದೂಳು ಕೂತರೆ ಕ್ಷಯ ಬರುವ ಸಂಭವ ಹೆಚ್ಚು. ಅವರ ಮನೆಯ ಮಕ್ಕಳ ಮೇಲೂ ಕಣ್ಣಿರಬೇಕು.

ಲಸಿಕೆ ಮತ್ತು ಊಟ

ಹುಟ್ಟಿದ ಕೂಸಿನ ಎಡತೋಳಿಗೆ ಹಾಕುವ ಬಿ.ಸಿ.ಜಿ. ಲಸಿಕೆಯೂ ದನದ ಕ್ಷಯಾಣುವಿನಿಂದಲೇ ಬಂದದ್ದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಫ್ರಾನ್ಸಿನ ಲಿಲ್ ಪಟ್ಟಣದಲ್ಲಿ ಕಾಲ್ಮೆಟ್ ಎಂಬ ವೈದ್ಯರೂ ಗೆರಾಂ ಎಂಬ ಪಶುವೈದ್ಯರೂ ಕೂಡಿ, ಆಕಳೊಂದರಿಂದ ಪಡೆದ ರೋಗಾಣುವನ್ನು ದನದ ಪಿತ್ತರಸದಲ್ಲಿ ಬೇಯಿಸಿದ ಆಲೂಗಡ್ಡೆಯ ಹೋಳುಗಳ ಮೇಲೆ 1908ರಿಂದ ಬೆಳೆಸತೊಡಗಿದರು. ಹದಿಮೂರು ವರ್ಷ, ಸುಮಾರು 230 ಸಲ ಹೊಸ ಹೋಳಿಗೆ ಬದಲಾಯಿಸಿದ ಮೇಲೆ ಅದು ರೋಗ ತರುವ ಶಕ್ತಿ ಕಳೆದುಕೊಂಡಿತು. 1921ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ ಕೊಟ್ಟದ್ದು ಒಂದು ತಬ್ಬಲಿ ಕೂಸಿಗೆ. ಅದರ ತಾಯಿ ಹೆರಿಗೆಯ ನಂತರ ಕ್ಷಯದಿಂದ ಸತ್ತಿದ್ದಳು. ಸಾಕಬೇಕಾಗಿದ್ದ ಅಜ್ಜಿಗೂ ಕ್ಷಯವಿತ್ತು.

ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಆರಂಭವಾದ ದೊಡ್ಡ ಪ್ರಯೋಗದಿಂದ ಈ ಲಸಿಕೆ ದೊಡ್ಡವರ ಎದೆಯ ಕ್ಷಯವನ್ನು ತಡೆಯುವುದಿಲ್ಲವೆಂದು ತಿಳಿದುಬಂತು. ಹಾಗಾದರೆ ಏಕೆ ಹಾಕಿಸಬೇಕು? ಮಕ್ಕಳ ಮೆದುಳಿನ ಕ್ಷಯ ಮತ್ತು ಮೈಯೆಲ್ಲ ಹರಡುವ ಕ್ಷಯವನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ಮಗುವನ್ನು ಕೊಲ್ಲುವ ರೂಪಗಳು ಇವೇ. ಹೆರಿಗೆಯಾದ ಕೂಡಲೆ ಹಾಕಿಸಬೇಕು. ತಪ್ಪಿದ್ದರೆ ಒಂದು ವರ್ಷ ತುಂಬುವ ಮುನ್ನ ಹಾಕಿಸಬಹುದು.

ಇನ್ನು ಊಟ. ಮಂಗಳೂರಿನ ವೈದ್ಯಕೀಯ ಕಾಲೇಜೊಂದರ ವೈದ್ಯರು ಮತ್ತು ಚೆನ್ನೈನ ಕ್ಷಯ ಸಂಶೋಧನಾ ಸಂಸ್ಥೆಯವರು ಜಾರ್ಖಂಡದ ಬಡ ಹಳ್ಳಿಗಳಲ್ಲಿ ಕೂಡಿ ನಡೆಸಿದ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಕ್ಷಯರೋಗಿಯ ಮನೆಮಂದಿಗೆ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಇದು ಯಾವ ಹೊಸ ಔಷಧದಿಂದಲೂ ಆದದ್ದಲ್ಲ, ಬೇಳೆಯಿಂದ ಆದದ್ದು. ತೊಗರಿ, ಕಡಲೆ, ಹೆಸರು, ಶೇಂಗಾ ಬೆಳೆಯುವ ನಮ್ಮ ಹೊಲಗಳಿಂದ ಎಲ್ಲವೂ ಮಾರುಕಟ್ಟೆಗೇ ಹೋಗಿ, ಮನೆಯ ಕೂಸಿಗೆ ರೊಟ್ಟಿ ಖಾರ ಮಾತ್ರ ಉಳಿಯುವುದು ಸರಿಯೇ? ಒಂದು ಚೀಲ ಹೆಸರು ಮನೆಗೆ ಎತ್ತಿಡಿ. ಕ್ಷಯರೋಗಿಗಳ ಆಹಾರಕ್ಕಾಗಿ ಕೇಂದ್ರ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿತು. ಮಕ್ಕಳಿಗೂ ಇದು ಸಲ್ಲುತ್ತದೆ. ಪಾಲಕರ ಬ್ಯಾಂಕ್ ಖಾತೆಯ ವಿವರ ಕೊಡಬೇಕು.

ಮಗುವಿಗೆ ಬಂದದ್ದು ಎಲ್ಲಿಂದ?

ಮಗುವಿನಿಂದ ಇತರರಿಗೆ ಕ್ಷಯ ಹರಡುವುದು ಅಪರೂಪ. ಗಂಟಿನ ಅಥವಾ ಎಲುಬಿನ ಕ್ಷಯವಿದ್ದ ಮಗುವನ್ನು ದೂರ ಕೂಡಿಸುವ, ಶಾಲೆ ಬಿಡಿಸುವ, ಬೇರೆ ತಾಟಿನಲ್ಲಿ ಉಣಿಸುವ ಕಾರಣವೇ ಇಲ್ಲ. ಆದರೆ ಮಗುವಿಗೆ ಯಾರೋ ದೊಡ್ಡವರಿಂದ ಬಂದಿರುತ್ತದೆ. ಆ ದೊಡ್ಡವರು ಹೆಚ್ಚಾಗಿ ಅದೇ ಮನೆಯಲ್ಲಿ ಇರುತ್ತಾರೆ. ಮಗುವಿಗೆ ಕ್ಷಯವೆಂದು ಗೊತ್ತಾದ ದಿನವೇ ಮನೆಯ ಎಲ್ಲರ ಪರೀಕ್ಷೆಯಾಗಬೇಕು. ಹಾಗೆಯೇ ದೊಡ್ಡವರೊಬ್ಬರಿಗೆ ಕ್ಷಯವಿದ್ದರೆ ಮನೆಯ ಮಕ್ಕಳನ್ನು ತೋರಿಸಬೇಕು. ರೋಗವಿಲ್ಲದ ಮಕ್ಕಳಿಗೆ, ಮುಖ್ಯವಾಗಿ ಐದು ವರ್ಷದೊಳಗಿನವರಿಗೆ, ರೋಗ ಬಾರದಂತೆ ಆರು ತಿಂಗಳು ದಿನಾಲೂ ಐಸೋನಯಜಿಡ್ ಗುಳಿಗೆ ಕೊಡುತ್ತಾರೆ. 2021ರ ಮಾರ್ಗಸೂಚಿಯ ನಂತರ ಇದನ್ನು ಮನೆಯ ಇತರರಿಗೂ ವಿಸ್ತರಿಸಲಾಗಿದೆ. ಆರೋಗ್ಯವಾಗಿರುವ ಮಗುವಿಗೆ ಗುಳಿಗೆ ಏಕೆಂದು ತಾಯಂದಿರು ಕೇಳುತ್ತಾರೆ. ಬೀಜೋಪಚಾರ ಮಾಡುವುದು ಬೀಜಕ್ಕೆ ರೋಗ ಬಂದ ಮೇಲಲ್ಲವಲ್ಲ.

ಮೊದಲು ಹೇಳಿದ ಹುಡುಗಿಯ ಗಂಟಿನಿಂದ ರಸ ತೆಗೆದು ನೋಡಿದಾಗ ಕ್ಷಯವೆಂದು ತಿಳಿಯಿತು. ಎಮ್ಮೆಯ ಮೇಲೆ ಮನೆಯವರಿಗೆ ಸಂಶಯವಿದ್ದುದರಿಂದ ನಾನೇ ಹೋಗಿ ಚರ್ಮದ ಪರೀಕ್ಷೆ ಮಾಡಿದೆ. ಮೂರನೆಯ ದಿನ ಅಳೆದಾಗ ಬಾವು ಇರಲಿಲ್ಲ. ಅಜ್ಜನಿಗೆ ಸಮಾಧಾನವಾಯಿತು. ಎಮ್ಮೆ ಮಾರಬೇಕಾದೀತೆಂದು ಅವನು ಚಿಂತಿಸಿದ್ದ. "ಇನ್ನ ನಿಮ್ಮ ಕೆಮ್ಮಿಂದು ನೋಡಿಸೂನು ನಡೀರಿ, ಅಜ್ಜಾ" ಎಂದೆ. ಬೀಡಿಯ ಕೆಮ್ಮು, ಹತ್ತು ವರ್ಷದ್ದು ಎಂದು ನಕ್ಕ. ಮೊಮ್ಮಗಳು ಹುಟ್ಟಿದಂದಿನಿಂದ ಅವನ ಮಗ್ಗುಲಲ್ಲೇ, ಅವನ ಕೌದಿಯಲ್ಲೇ ಮಲಗುತ್ತಿದ್ದಳು. ಕಫದ ಡಬ್ಬಿ ಕೊಟ್ಟು ಕಳಿಸಿದ ಮರುದಿನ ಉತ್ತರ ಬಂತು.

ಅಜ್ಜ ಮೊಮ್ಮಗಳು ಇಬ್ಬರೂ ಒಂದೇ ದಿನ ಗುಳಿಗೆ ಆರಂಭಿಸಿದರು. ಮೊದಲ ಕೆಲವು ವಾರ ಅಜ್ಜನ ಹಾಸಿಗೆ ಹೊರಗಿನ ಕಟ್ಟೆಗೆ ಹೋಯಿತು, ಮಲಗುವ ಕೋಣೆಯ ಬೆಳಕಿಂಡಿ ತೆರೆಯಿತು. ಎರಡನೆಯ ತಿಂಗಳು ಹುಡುಗಿಯ ಗಂಟು ಮತ್ತೆ ಊದಿತೆಂದು ಅವಳ ತಾಯಿ ಗಾಬರಿಯಿಂದ ನನ್ನ ಬಳಿಗೇ ಬಂದಳು. ದವಾಖಾನೆಗೆ ಕಳಿಸಿದೆ. ಗುಳಿಗೆ ನಿಲ್ಲಿಸಬೇಡಿ ಎಂದು ಅಲ್ಲಿ ಹೇಳಿದರು. ಅವಳ ಎರಡು ವರ್ಷದ ತಮ್ಮನಿಗೆ ರೋಗವಿರಲಿಲ್ಲ. ಅವನಿಗೂ ಆರು ತಿಂಗಳ ಗುಳಿಗೆ ಕೊಟ್ಟರು. ಮೂವರ ಗುಳಿಗೆಯ ಲೆಕ್ಕವನ್ನು ಆ ತಾಯಿ ಅಡಿಗೆಮನೆಯ ಗೋಡೆಯ ಮೇಲೆ ಇದ್ದಲಿಯಿಂದ ಗೆರೆ ಎಳೆದು ಇಟ್ಟಿದ್ದಳು.